ಋತುವಿನ ಆರಂಭದ ಮಸ್ಕಿ ಮೀನುಗಾರಿಕೆ

ಮಸ್ಕಿ ಅಥವಾ ಮಸ್ಕೆಲಂಜ್ ಉತ್ತರ ಅಮೆರಿಕದ ಸಿಹಿನೀರಿನಲ್ಲಿ ವಾಸಿಸುವ, ಪೈಕ್ ಕುಟುಂಬದ ಅತಿ ದೊಡ್ಡ ಮೀನು. ಇದು ವಿಸ್ಕಾನ್ಸಿನ್ ರಾಜ್ಯದ ಅಧಿಕೃತ ಮೀನಾಗಿದೆ. ಸುಲಭವಾಗಿ ಗಾಳಕ್ಕೆ ಸಿಗದ ಕಾರಣ ಇದನ್ನು ‘ಹತ್ತು ಸಾವಿರ ಎಸೆತಗಳ ಮೀನು’ ಎಂದು ಕರೆಯುವುದುಂಟು.

ನೆಲೆ

ಮಸ್ಕಿಯು ವಸಂತಕಾಲದಲ್ಲಿ, ನೀರಿನ ಉಷ್ಣತೆ ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇರುವಾಗ ಮೊಟ್ಟೆಯಿಡುತ್ತದೆ. ಮಿನ್ನೆಸೋಟದಲ್ಲಿ ಮೀನುಗಾರಿಕೆಯ ಋತು ಸಾಮಾನ್ಯವಾಗಿ ಜೂನ್ ಆರಂಭದಲ್ಲಿ ತೆರೆಯುತ್ತದೆ. ಆಗ ದಣಿದ ಮೀನುಗಳು ಬೇಗ ಬಿಸಿಯೇರುವ, ಆಳವಿಲ್ಲದ ಕೊಲ್ಲಿಗಳಲ್ಲಿಯೂ ಹೊಸದಾಗಿ ಚಿಗುರಿದ ಜಲಸಸ್ಯಗಳ ಅಂಚಿನಲ್ಲಿಯೂ ಇರುತ್ತವೆ.

ಲ್ಯೂರ್‌ಗಳ ಆಯ್ಕೆ

ಲ್ಯೂರ್ ಎಂದರೆ ಕೃತಕ ಎರೆ. ತಣ್ಣೀರಿನಲ್ಲಿ ಮೀನಿನ ಚಟುವಟಿಕೆ ಮಂದವಾಗಿರುವುದರಿಂದ ಈ ಅವಧಿಗೆ ಚಿಕ್ಕ ಗಾತ್ರದ ಲ್ಯೂರ್‌ಗಳು ಸೂಕ್ತ. ತಿರುಗುವ ತಗಡುಳ್ಳ ಬಕ್‌ಟೇಲ್, ಮೇಲ್ಮಟ್ಟದಲ್ಲಿ ಚಲಿಸುವ ಕ್ರ್ಯಾಂಕ್‌ಬೇಟ್ ಹಾಗೂ ಅತ್ತಿತ್ತ ಜಾರುವ ಗ್ಲೈಡ್‌ಬೇಟ್‌ಗಳನ್ನು ನಿಧಾನವಾಗಿ, ನಡುನಡುವೆ ತಡೆದು ಎಳೆಯಲಾಗುತ್ತದೆ.

ತಂತ್ರ

ಮಸ್ಕಿಯು ಲ್ಯೂರನ್ನು ದೋಣಿಯವರೆಗೂ ಹಿಂಬಾಲಿಸಿ ಕಚ್ಚದೆ ಮರಳುವುದು ಸಾಮಾನ್ಯ. ಆದ್ದರಿಂದ ಪ್ರತಿ ಎಸೆತದ ಕೊನೆಯಲ್ಲಿ ಕೋಲಿನ ತುದಿಯನ್ನು ನೀರಿನಲ್ಲಿಳಿಸಿ, ಇಂಗ್ಲಿಷಿನ 8ರ ಆಕಾರದಲ್ಲಿ ಲ್ಯೂರನ್ನು ಸುತ್ತಿಸುತ್ತಾರೆ. ಹರಿತವಾದ ಹಲ್ಲುಗಳು ದಾರವನ್ನು ಕತ್ತರಿಸದಂತೆ ಅದರ ತುದಿಗೆ ಉಕ್ಕಿನ ಅಥವಾ ದಪ್ಪ ಫ್ಲೋರೋಕಾರ್ಬನ್ನಿನ ಲೀಡರ್ ಕಟ್ಟುತ್ತಾರೆ.

ಸಂರಕ್ಷಣೆ

ಮೊಟ್ಟೆಯಿಟ್ಟು ಬಳಲಿದ ದೊಡ್ಡ ಹೆಣ್ಣು ಮೀನುಗಳ ಸಾವು ಮುಂದಿನ ಪೀಳಿಗೆಗೆ ನಷ್ಟ. ಆದಕಾರಣ ಹಿಡಿದ ಮೀನನ್ನು ದೊಡ್ಡ ಬಲೆಯೊಳಗೆ ನೀರಿನಲ್ಲಿಯೇ ಇರಿಸಿ, ಉದ್ದ ಇಕ್ಕಳದಿಂದ ಕೊಕ್ಕೆ ತೆಗೆದು ಬೇಗನೆ ಬಿಡುವುದು ಇಂದು ರೂಢಿಯಲ್ಲಿದೆ. ಕೊಕ್ಕೆ ಬಿಡಿಸಲಾಗದಿದ್ದರೆ ಅದನ್ನೇ ಕತ್ತರಿಸುತ್ತಾರೆ.