ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಗ್ರಾಮೀಣ ರಸ್ತೆಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ನೆರೆಹೊರೆಯ ತಾಲೂಕುಗಳು. ಈ ತಾಲೂಕುಗಳ ಗ್ರಾಮೀಣ ರಸ್ತೆಗಳು ಹೆದ್ದಾರಿ ಮತ್ತು ಜಿಲ್ಲಾ ರಸ್ತೆಗಳಿಂದ ಕವಲೊಡೆದು, ಗುಡ್ಡ, ಗದ್ದೆ ಮತ್ತು ಅಡಿಕೆ ತೋಟಗಳ ನಡುವೆ ಹಾದು ಒಳನಾಡಿನ ಕೃಷಿಕರ ಮನೆಗಳನ್ನು ತಲಪುತ್ತವೆ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳ ತಾಲೂಕಿನ ಬಿ.ಸಿ.ರೋಡ್ ಮತ್ತು ಮಾಣಿಯ ಮೂಲಕವೂ, ಹೆದ್ದಾರಿ 73 ಪುಂಜಾಲಕಟ್ಟೆ, ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿ ಘಾಟಿಗೂ, ಹೆದ್ದಾರಿ 169 ಮೂಡುಬಿದಿರೆಯ ಮೂಲಕ ಕಾರ್ಕಳದ ಕಡೆಗೂ ಸಾಗುತ್ತವೆ. ಮುಖ್ಯ ಮಾರ್ಗಗಳ ದೃಷ್ಟಿಯಿಂದ ಈ ಪ್ರದೇಶ ಹಿಂದುಳಿದದ್ದಲ್ಲ. ಇಲ್ಲಿನ ಸಮಸ್ಯೆ ಡಾಮರು ರಸ್ತೆಯ ಕೊನೆಯಿಂದ ಮನೆಯಂಗಳದವರೆಗಿನ ಒಂದೆರಡು ಕಿಲೋಮೀಟರಿನದು.

ಚದುರಿದ ವಸತಿ

ಕರ್ನಾಟಕದ ಬಯಲುಸೀಮೆಯಲ್ಲಿ ಊರು ಎಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು. ಹೊಲಗಳು ಅದರ ಸುತ್ತಲೂ ಇರುತ್ತವೆ. ತುಳುನಾಡಿನಲ್ಲಿ ಹಾಗಿಲ್ಲ. ಪ್ರತಿ ಕೃಷಿಕನ ಮನೆಯೂ ಅವನ ಗದ್ದೆ ಅಥವಾ ತೋಟದ ಅಂಚಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ‘ಗ್ರಾಮ’ ಎಂಬುದು ಮುಖ್ಯವಾಗಿ ಕಂದಾಯದ ಘಟಕ. ಭತ್ತದ ಭೂಮಿಯನ್ನು ತಗ್ಗಿನಿಂದ ಎತ್ತರಕ್ಕೆ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ರೂಢಿಯಿದೆ. ನೀರಿರುವ ತಗ್ಗಿನಲ್ಲಿ ಕೃಷಿ, ಅದಕ್ಕಿಂತ ತುಸು ಮೇಲೆ ಮನೆ, ಗುಡ್ಡದ ನೆತ್ತಿಯಲ್ಲಿ ರಸ್ತೆ ಎಂಬುದು ಹಲವೆಡೆ ಕಾಣುವ ವಿನ್ಯಾಸ. ಆದ್ದರಿಂದ ಮನೆಗೆ ಹೋಗುವ ದಾರಿ ಬಹುಪಾಲು ಕಡಿದಾದ ಇಳಿಜಾರಾಗಿದ್ದು, ಕೆಲವೊಮ್ಮೆ ತೋಡನ್ನೂ ದಾಟಬೇಕಾಗುತ್ತದೆ.

ಭತ್ತವೇ ಮುಖ್ಯ ಬೆಳೆಯಾಗಿದ್ದಾಗ ಗದ್ದೆಯ ಹುಣಿ ಮತ್ತು ಕಾಲುದಾರಿಗಳಿಂದಲೇ ಕೆಲಸ ಸಾಗುತ್ತಿತ್ತು. ಅಡಿಕೆ, ತೆಂಗು ಮತ್ತು ರಬ್ಬರ್ ಹೆಚ್ಚಿದಂತೆ ವಾಹನದ ಅಗತ್ಯ ಬಂದಿತು. ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತು ಮತ್ತು ಸುಣ್ಣ ತೋಟಕ್ಕೆ ಬರಬೇಕು. ಗೊಬ್ಬರ, ಪಂಪುಸೆಟ್ಟು, ಪೈಪುಗಳನ್ನು ಇಳಿಸಬೇಕು. ಒಣಗಿದ ಅಡಿಕೆ ಪೇಟೆಗೆ ಅಥವಾ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಖರೀದಿ ಕೇಂದ್ರಕ್ಕೆ ಹೋಗಬೇಕು. ಅಡಿಕೆ ಕೆಡದ ಸರಕಾದ್ದರಿಂದ ರಸ್ತೆ ಸರಿಯಾಗುವವರೆಗೆ ಕಾಯಬಲ್ಲದು. ಹಾಲು ಕಾಯುವುದಿಲ್ಲ, ಹಾಲು ಉತ್ಪಾದಕರ ಸಂಘಕ್ಕೆ ದಿನಕ್ಕೆರಡು ಬಾರಿ ಹೋಗಲೇಬೇಕಾದ ಕುಟುಂಬಕ್ಕೆ ಕೆಸರಿನ ದಾರಿಯ ಕಷ್ಟ ಹೆಚ್ಚು. ವಾಹನ ಬಾರದ ಮನೆಗಳಿಂದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವ ಪ್ರಸಂಗಗಳೂ ಇವೆ.

ಆಡಳಿತದ ಹಿನ್ನೆಲೆ

ಮದರಾಸು ಆಧಿಪತ್ಯದ ಕಾಲದಲ್ಲಿ, 1884ರ ಸ್ಥಳೀಯ ಮಂಡಳಿ ಕಾಯ್ದೆಯ ನಂತರ, ಒಳನಾಡಿನ ರಸ್ತೆಗಳು ಜಿಲ್ಲಾ ಮತ್ತು ತಾಲೂಕು ಬೋರ್ಡುಗಳಿಗೆ ಸೇರಿದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯ ತಾಲೂಕು ಅಭಿವೃದ್ಧಿ ಮಂಡಳಿಗಳು, 1987ರಿಂದ ಜಿಲ್ಲಾ ಪರಿಷತ್ತು, 1993ರ ಪಂಚಾಯತ್ ರಾಜ್ ಕಾಯ್ದೆಯ ಬಳಿಕ ಜಿಲ್ಲಾ ಪಂಚಾಯತು ಈ ಹೊಣೆಯನ್ನು ಹೊತ್ತವು. ಮೂಡುಬಿದಿರೆ ಮಂಗಳೂರು ತಾಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದದ್ದು 2018ರಲ್ಲಿ.

ಯೋಜನೆಗಳು ಮತ್ತು ಜನಸಂಖ್ಯೆಯ ಮಾನದಂಡ

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾಯಿತು. ರಸ್ತೆಯಿಲ್ಲದ ಜನವಸತಿಗಳಿಗೆ ಸರ್ವಋತು ರಸ್ತೆ ಒದಗಿಸುವುದು ಅದರ ಮೂಲ ಉದ್ದೇಶ. ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ವಸತಿಗಳು, ಗುಡ್ಡಗಾಡು ರಾಜ್ಯಗಳು, ಮರುಭೂಮಿ ಹಾಗೂ ಸಂವಿಧಾನದ 5ನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ವಸತಿಗಳು ಅರ್ಹ ಎಂದು ನಿಗದಿಯಾಯಿತು. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. 5ನೇ ಅನುಸೂಚಿಯ ಪ್ರದೇಶವೂ ರಾಜ್ಯದಲ್ಲಿಲ್ಲ. ಹೀಗಾಗಿ ಪಶ್ಚಿಮಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯ ವಸತಿಗಳೂ ಬಯಲುನಾಡಿನ ಲೆಕ್ಕಕ್ಕೇ ಬಂದವು.

500 ಮೀಟರ್ ವ್ಯಾಪ್ತಿಯೊಳಗಿನ ವಸತಿಗಳ ಜನಸಂಖ್ಯೆಯನ್ನು ಒಟ್ಟುಗೂಡಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಒಂದು ಗುಡ್ಡೆಯಲ್ಲಿ ನಾಲ್ಕು ಮನೆ, ತೋಡಿನಾಚೆ ಮೂರು ಮನೆ ಇರುವ ಕಡೆ ಈ ಲೆಕ್ಕವೂ 500ನ್ನು ಮುಟ್ಟುವುದು ಕಷ್ಟ. ಮಾನದಂಡದಲ್ಲಿ ಪಕ್ಷಪಾತವಿದೆ ಎನ್ನಲಾಗದಿದ್ದರೂ, ಅದು ಒತ್ತಾದ ಹಳ್ಳಿಯನ್ನು ಕಣ್ಣ ಮುಂದಿಟ್ಟುಕೊಂಡು ರಚಿತವಾದದ್ದು ಎಂಬುದು ಸ್ಪಷ್ಟ. 2019ರಲ್ಲಿ ಮಂಜೂರಾದ ಮೂರನೆಯ ಹಂತ ಹೊಸ ಸಂಪರ್ಕಕ್ಕೆ ಬದಲಾಗಿ ಕೃಷಿ ಮಾರುಕಟ್ಟೆ, ಪ್ರೌಢಶಾಲೆ ಮತ್ತು ಆಸ್ಪತ್ರೆಗಳಿಗೆ ಹೋಗುವ ಮುಖ್ಯ ಗ್ರಾಮೀಣ ಮಾರ್ಗಗಳ ಮೇಲ್ದರ್ಜೆಗೆ ಆದ್ಯತೆ ಕೊಟ್ಟಿತು. 2023ರ ಪಿಎಂ-ಜನಮನ್ ಯೋಜನೆ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ವಸತಿಗಳಿಗೆ ಈ ಮಿತಿಯನ್ನು 100ಕ್ಕೆ ಇಳಿಸಿತು. ಜಿಲ್ಲೆಯ ಕೊರಗ ಸಮುದಾಯ ಇದರ ವ್ಯಾಪ್ತಿಗೆ ಬರುತ್ತದೆ. ಘಟ್ಟದ ಬುಡದಲ್ಲಿ ವಾಸಿಸುವ ಮಲೆಕುಡಿಯರು ಪರಿಶಿಷ್ಟ ಪಂಗಡದವರಾದರೂ ಆ ವರ್ಗಕ್ಕೆ ಸೇರಿಲ್ಲ.

ಉಳಿದ ದಾರಿಗಳಿಗೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆ, ಶಾಸಕರ ಮತ್ತು ಸಂಸದರ ನಿಧಿ, ಗ್ರಾಮ ಪಂಚಾಯತಿನ ಅನುದಾನಗಳೇ ಆಧಾರ. ಒಂದು ಅನುದಾನದಿಂದ ನೂರಿನ್ನೂರು ಮೀಟರ್ ಕಾಂಕ್ರೀಟು ಬಿದ್ದು, ಮುಂದಿನ ತುಂಡು ಮತ್ತೊಂದು ವರ್ಷಕ್ಕೆ ಉಳಿಯುವುದು ಸಾಮಾನ್ಯ. ಕಡಿದಾದ ಏರಿಗೆ ಮಾತ್ರ ಕಾಂಕ್ರೀಟು ಹಾಕಿ ಸಮತಟ್ಟಾದ ಭಾಗವನ್ನು ಮಣ್ಣಾಗಿಯೇ ಬಿಡುವುದು ಕಡಿಮೆ ಹಣದಲ್ಲಿ ಹೆಚ್ಚು ಪ್ರಯೋಜನ ಪಡೆಯುವ ಉಪಾಯ.

ಜಾಗದ ಪ್ರಶ್ನೆ

ಗ್ರಾಮ ಸಡಕ್ ಯೋಜನೆಯಲ್ಲಿ ಭೂಸ್ವಾಧೀನಕ್ಕೆ ಹಣವಿಲ್ಲ. ಜಾಗ ಒದಗಿಸುವುದು ರಾಜ್ಯದ ಹೊಣೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಜಿಲ್ಲೆಯ ಗೇಣಿದಾರರು ದೊಡ್ಡ ಪ್ರಮಾಣದಲ್ಲಿ ಭೂಮಾಲೀಕರಾದರು. ಇದರ ಫಲವಾಗಿ ಇಂದು ಒಂದು ಕಿಲೋಮೀಟರ್ ದಾರಿ ಹಲವು ಸಣ್ಣ ಹಿಡುವಳಿಗಳನ್ನು ದಾಟುತ್ತದೆ. ಪ್ರತಿಯೊಬ್ಬರೂ ವರ್ಗ ಜಾಗದಿಂದ ಒಂದು ಪಟ್ಟಿಯನ್ನು ಉಚಿತವಾಗಿ ಬಿಟ್ಟುಕೊಡಬೇಕು, ಅಂಚಿನ ಕೆಲವು ಅಡಿಕೆ ಮರಗಳನ್ನು ಕಡಿಯಲು ಒಪ್ಪಬೇಕು. ಕೃಷಿ ಭೂಮಿಗೆ ತಾಗಿದ ಕುಮ್ಕಿ ಜಾಗದಲ್ಲಿ ದಾರಿ ಹಾದುಹೋಗುವಾಗ ಪ್ರಶ್ನೆ ಇನ್ನಷ್ಟು ಜಟಿಲ. ಅದು ಸರಕಾರದ ಭೂಮಿಯಾದರೂ ಸೊಪ್ಪು, ಸೌದೆ ಮುಂತಾದ ಸೌಲಭ್ಯ ಪಕ್ಕದ ವರ್ಗದಾರನಿಗಿದೆ. ಮಾತಿನ ಒಪ್ಪಿಗೆಯಿಂದ ಆದ ರಸ್ತೆ ಜಮೀನು ಮಾರಾಟವಾದಾಗ ಅಥವಾ ಪಾಲಾದಾಗ ತಕರಾರಿಗೆ ಬರುತ್ತದೆ. ದಾನಪತ್ರ ಮಾಡಿಸಿ ಪಂಚಾಯತಿನ ಹೆಸರಿಗೆ ದಾಖಲಿಸಿದ ರಸ್ತೆಗೆ ಈ ಭಯ ಕಡಿಮೆ, ಅನುದಾನವೂ ಸುಲಭ. ತಾಂತ್ರಿಕ ತೊಡಕಿಗಿಂತ ನೆರೆಹೊರೆಯ ವಿರಸದಿಂದ ನಿಂತ ರಸ್ತೆಗಳೇ ಹೆಚ್ಚು ಎಂಬ ಅಭಿಪ್ರಾಯ ಸ್ಥಳೀಯವಾಗಿ ವ್ಯಾಪಕವಾಗಿದೆ.

ಮಳೆ ಮತ್ತು ನಿರ್ಮಾಣ

ಜಿಲ್ಲೆಯ ವಾರ್ಷಿಕ ಮಳೆ ಸುಮಾರು 4,000 ಮಿ.ಮೀ.; ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಇಲ್ಲಿನ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಗಟ್ಟಿ; ನೆನೆದಾಗ ಜಾರುತ್ತದೆ. ರಸ್ತೆಗಾಗಿ ಗುಡ್ಡವನ್ನು ನೇರವಾಗಿ ಕಡಿದ ಕಡೆ ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. ಸಡಕ್ ಯೋಜನೆಯ ರಸ್ತೆಗೆ ಸಾಮಾನ್ಯವಾಗಿ 3.75 ಮೀಟರ್, ವಾಹನ ಸಂಚಾರ ಕಡಿಮೆಯಿದ್ದರೆ 3 ಮೀಟರ್ ಅಗಲದ ಡಾಮರು ಅಥವಾ ಕಾಂಕ್ರೀಟಿನ ಪಟ್ಟಿ ಇರುತ್ತದೆ. ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರನದೇ. ಇಷ್ಟು ಮಳೆಯ ನಾಡಿನಲ್ಲಿ ರಸ್ತೆಯ ಆಯುಷ್ಯವನ್ನು ನಿರ್ಧರಿಸುವುದು ಡಾಮರಿನ ದಪ್ಪಕ್ಕಿಂತ ಬದಿಯ ಚರಂಡಿ ಮತ್ತು ಮೋರಿ. ಇಳಿಜಾರಿನ ನೀರು ರಸ್ತೆಯ ಮೇಲೆಯೇ ಹರಿದರೆ ಒಂದೆರಡು ಮಳೆಗಾಲದಲ್ಲಿ ಜಲ್ಲಿ ಎದ್ದುಬರುತ್ತದೆ. ಚರಂಡಿಗೆ ಜಾಗ ಬಿಡಲು ಒಪ್ಪದ ಕಡೆಗಳಲ್ಲಿ ರಸ್ತೆಯೇ ಚರಂಡಿಯಾಗುತ್ತದೆ.

ಸಂಕಗಳು ಮತ್ತು ಸೇತುವೆಗಳು

ತೋಡುಗಳಿಗೆ ಅಡಿಕೆ ಮರದ ಕಾಂಡ ಅಥವಾ ಮರದ ದಿಮ್ಮಿಗಳನ್ನು ಹಾಸಿ ಕಟ್ಟುವ ಕಾಲುಸಂಕ ಇಲ್ಲಿನ ಹಳೆಯ ವ್ಯವಸ್ಥೆ. ಕಾಲುಸಂಕವನ್ನು ಪ್ರತಿ ವರ್ಷ ಮಳೆಗೆ ಮೊದಲು ಊರವರು ಶ್ರಮದಾನದಿಂದ ಹೊಸದಾಗಿ ಕಟ್ಟಬೇಕಾಗುತ್ತದೆ. ಹೊಳೆಗಳ ಮೇಲೆ ತೂಗುಸೇತುವೆಗಳು ಬಂದವು. ನೆರೆಯ ಸುಳ್ಯ ತಾಲೂಕಿನ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಕಟ್ಟಿದ ಸೇತುವೆಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ನಿರ್ಮಿಸಿ, 2017ರಲ್ಲಿ ಪದ್ಮಶ್ರೀ ಪಡೆದರು. ತೂಗುಸೇತುವೆ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅದರ ಮೇಲೆ ಪಿಕಪ್ ಹೋಗದು. ಕಿಂಡಿ ಅಣೆಕಟ್ಟಿನ ಮೇಲೆ ವಾಹನ ಸಾಗುವಷ್ಟು ಅಗಲದ ಸೇತುವೆ ಕಟ್ಟಿ, ಬೇಸಿಗೆಯ ನೀರು ಮತ್ತು ದಾರಿ ಎರಡನ್ನೂ ಪಡೆಯುವ ಕ್ರಮ ಈಚೆಗೆ ಹೆಚ್ಚಾಗಿದೆ.

ಕಟ್ಟಿದ ಸೇತುವೆಯೂ ಶಾಶ್ವತವಲ್ಲ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದು ಎರಡೂ ದಡದ ಊರುಗಳು ಬೇರ್ಪಟ್ಟವು. ನದಿಯಲ್ಲಿ ನಡೆದ ಮರಳುಗಾರಿಕೆಯೇ ಕಾರಣವೆಂದು ಸ್ಥಳೀಯರು ದೂರಿದ್ದರು. 2019ರ ಆಗಸ್ಟ್‌ನ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದಂಚಿನ ಗ್ರಾಮಗಳ ರಸ್ತೆ, ಸಂಕ ಮತ್ತು ತೋಟಗಳು ಹಾನಿಗೊಂಡವು. ಭೂಕುಸಿತದಿಂದ ಚಾರ್ಮಾಡಿ ಘಾಟಿಯ ಸಂಚಾರವೂ ನಿಂತಿತು.

ಅರಣ್ಯದಂಚಿನ ಊರುಗಳು

ಬೆಳ್ತಂಗಡಿ ತಾಲೂಕಿನ ಪೂರ್ವದ ಅಂಚು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದೆ. ಕುತ್ಲೂರಿನಂತಹ ಗ್ರಾಮಗಳ ಕೆಲವು ವಸತಿಗಳು ಉದ್ಯಾನದ ಸೀಮೆಯೊಳಗೇ ಇವೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ರಸ್ತೆ ಮುಂತಾದ ಸೌಲಭ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಪ್ರತಿ ಪ್ರಕರಣಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆರು ಮೀಟರ್ ಅಗಲದ ರಸ್ತೆಗೆ ಇದು ಸುಮಾರು 1.6 ಕಿ.ಮೀ. ಉದ್ದವಾಗುತ್ತದೆ. ಉದ್ಯಾನದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯವಾಗುವುದರಿಂದ ಅನುಮತಿಯ ಹಾದಿ ಉದ್ದವಾಗಿದೆ.

ಮಲವಂತಿಗೆ ಗ್ರಾಮದ ಎಳನೀರು ಇದರ ಪ್ರಸಿದ್ಧ ಉದಾಹರಣೆ. ಘಟ್ಟದ ಮೇಲಿರುವ ಈ ಪ್ರದೇಶ ಆಡಳಿತದಲ್ಲಿ ಬೆಳ್ತಂಗಡಿಗೆ ಸೇರಿದ್ದರೂ, ಒಳ್ಳೆಯ ರಸ್ತೆಯಿರುವುದು ಚಿಕ್ಕಮಗಳೂರು ಜಿಲ್ಲೆಯ ಸಂಸೆಯ ಕಡೆಗೆ. ತಾಲೂಕು ಕಚೇರಿಯ ಕೆಲಸಕ್ಕೆ ಕುದುರೆಮುಖ, ಬಜಗೋಳಿಯ ಮೂಲಕ ಸುತ್ತಿ ಬಂದರೆ ದೂರ ನೂರು ಕಿಲೋಮೀಟರಿನ ಆಸುಪಾಸು. ಘಟ್ಟದ ಕೆಳಗಿನ ದಿಡುಪೆಗೆ ನೇರವಾದ ಕಾಡುದಾರಿ ಇದೆ. ಅದು ಮಣ್ಣಿನದು, ಮಳೆಗಾಲದಲ್ಲಿ ನಂಬಲಾಗದು. ದಿಡುಪೆ–ಎಳನೀರು–ಸಂಸೆ ರಸ್ತೆಯನ್ನು ಅಭಿವೃದ್ಧಿಪಡಿಸಬೇಕೆಂಬುದು ಅಲ್ಲಿನ ನಿವಾಸಿಗಳ ಬಹುಕಾಲದ ಬೇಡಿಕೆ. ಘಟ್ಟದ ಸೂಕ್ಷ್ಮ ಅರಣ್ಯದಲ್ಲಿ ಹೊಸ ವಾಹನಮಾರ್ಗ ತೆರೆದರೆ ಭೂಕುಸಿತ ಮತ್ತು ವನ್ಯಜೀವಿಗಳಿಗೆ ತೊಂದರೆ ಹೆಚ್ಚುತ್ತದೆ ಎಂಬುದು ಪರಿಸರವಾದಿಗಳ ಆಕ್ಷೇಪ.