ಬರಿಗಾಲಿನವರ ಬದುಕು

ಕಾಲೇಜಿನಲ್ಲಿ ಚೆಂಡಾಡಿ ಹೆಸರು ಮಾಡಿದ ಹುಡುಗ ಮುಂದೆ ಆ ಆಟದಿಂದಲೇ ಅನ್ನ ಸಂಪಾದಿಸಬಹುದೆ? ಈ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ಅಮೆರಿಕೆಯಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಬೇರೆಯೇ ಆಟ. ಅದರ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅಲ್ಲಿ ವೃತ್ತಿ ತಂಡಗಳು ಕಾಲೇಜಿನ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ 1936ರಲ್ಲಿ ಪ್ರಾರಂಭವಾಯಿತು. ಆ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ವಿಚಿತ್ರವೆಂದರೆ, ಕೇಳಿದ ಸಂಬಳ ಸಿಕ್ಕದೆ ಆತ ಒಂದು ದಿನವೂ ವೃತ್ತಿ ತಂಡದಲ್ಲಿ ಆಡಲಿಲ್ಲ. ರಬ್ಬರು ಮಾರುವ ವ್ಯಾಪಾರಕ್ಕೆ ಇಳಿದ. ಇಂದು ಕೋಟಿಗಟ್ಟಲೆ ಹಣ ಹರಿಯುವ ಆ ದೇಶದಲ್ಲಿಯೂ ಆಟ ಹೊಟ್ಟೆ ತುಂಬಿಸಲು ಕಾಲ ಹಿಡಿಯಿತು.

ನಮ್ಮ ಬೆಂಗಳೂರಿನ ಕಥೆ ಇದಕ್ಕಿಂತ ಬೇರೆ. ಇಲ್ಲಿ ಕಾಲ್ಚೆಂಡಾಟ ಬಂದದ್ದು ಕಾಲೇಜಿನ ಬಾಗಿಲಿಂದಲ್ಲ, ದಂಡಿನ ಮೈದಾನದಿಂದ. ಬಿಳಿಯ ಸೋಲ್ಜರರು ಬೂಟು ತೊಟ್ಟು ಆಡಿದ್ದನ್ನು ನೋಡಿ ದಂಡಿನ ಸುತ್ತಲಿನ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಮುಂಬಯಿಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಊರಿನ ಬೆಂಗಳೂರು ಮುಸ್ಲಿಮ್ಸ್. ವರ್ಷ 1937, ಮರುವರ್ಷವೂ ಕಪ್ ಅವರದೇ. 1946ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನೆದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಒಂದು ಗೋಲಿನ ಹಿನ್ನಡೆಯನ್ನು ಸರಿಗಟ್ಟಿದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಯ ಗಳಿಗೆಯಲ್ಲಿ ಭಾರತ 2–1ರಿಂದ ಸೋತಿತು. ಆ ತಂಡದ ನಾಯಕ, ನಾಗಾ ಪ್ರಾಂತದ ಟಿ. ಆವ್, ಕಲ್ಕತ್ತೆಯಲ್ಲಿ ವೈದ್ಯ ವಿದ್ಯಾರ್ಥಿ. ಮುಂದೆ ಆತ ವೈದ್ಯನಾಗಿಯೇ ಬಾಳಿದ. ಓದಿದವನಿಗೆ ಆಟದಾಚೆ ಒಂದು ದಾರಿಯಿತ್ತು. ಓದದೆ ಆಡಿದವನಿಗೆ?

ಅವನ ದಾರಿ ಕಲ್ಕತ್ತೆಯ ರೈಲು. ಅದೇ ಲಂಡನ್ನಿನಲ್ಲಿ ಆಡಿದ ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದ. ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಆಡುತ್ತಿದ್ದುದರಿಂದ ಹಾವಾಡಿಗನೆಂಬ ಹೆಸರು ಬಂದಿತ್ತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಅವನನ್ನು ಸೇರಿಸಿ ಬಂಗಾಳಿಗಳು ‘ಪಂಚಪಾಂಡವರು’ ಎಂದರು. 1949ರಿಂದ 1951ರವರೆಗೆ ಐ.ಎಫ್.ಎ. ಷೀಲ್ಡ್ ಸತತವಾಗಿ ಆ ತಂಡದ್ದಾಯಿತು. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸದೆಬಡಿದಾಗ ಆ ಒಂದು ಗೋಲು ಹೊಡೆದವನೂ ಅಹಮದನೇ. ಆದರೆ ಇಂಥವರೆಲ್ಲ ಕಾಗದದ ಮೇಲೆ ಹವ್ಯಾಸಿಗಳು! ಲಕ್ಷ ಜನ ಕಣ್ಣಿಟ್ಟು ನೋಡುವ ಆಟಕ್ಕೆ ವೃತ್ತಿಯೆಂಬ ಹೆಸರೇ ಇರಲಿಲ್ಲ. ಅಹಮದ್ ಖಾನ್ 2017ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕಲ್ಕತ್ತೆಗೆ ಹೋಗದವರನ್ನು ಕಾಪಾಡಿದ್ದು ಕಾರ್ಖಾನೆಗಳು. ಎಚ್.ಎ.ಎಲ್., ಐ.ಟಿ.ಐ. ಮುಂತಾದುವು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟವು. ಸಂಬಳ, ವಸತಿ, ಪಿಂಚಣಿ: ತಾಯಂದಿರಿಗೆ ಗೋಲಿಗಿಂತ ಇವೇ ದೊಡ್ಡವು. 1967–68, 1968–69ರಲ್ಲಿ ಮೈಸೂರು ಮತ್ತೆ ಸತತವಾಗಿ ಸಂತೋಷ್ ಟ್ರೋಫಿ ಗೆದ್ದಿತು. ಮುಂದಿನ ಗೆಲುವಿಗೆ ಕರ್ನಾಟಕವು 2023ರ ಮಾರ್ಚಿನವರೆಗೆ ಕಾಯಬೇಕಾಯಿತು. ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ.

ನಡುವೆ ಬಂದವನು ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್. ಟಾಟಾ ಅಕಾಡೆಮಿಯಲ್ಲಿ ಕಲಿತು ಈಸ್ಟ್ ಬೆಂಗಾಲ್ ಸೇರಿದ ಆತ 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲು ಹೊಡೆದ. 1996–97ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಲೀಗಿನಲ್ಲಿ ಮೊದಲ ವರ್ಷವೇ ಗೆದ್ದ ಜೆ.ಸಿ.ಟಿ. ತಂಡದಲ್ಲಿದ್ದ, 2001ರಲ್ಲಿ ಈಸ್ಟ್ ಬೆಂಗಾಲಿಗೆ ನಾಯಕನಾಗಿ ಅದೇ ಲೀಗನ್ನು ಗೆದ್ದುಕೊಟ್ಟ. 2020ರಲ್ಲಿ, ಐವತ್ತು ತುಂಬುವ ಮೊದಲೇ, ಆತನೂ ಹೋದ.

2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು. ಕೊನೆಗೂ ನಮ್ಮ ಹುಡುಗ ಮನೆಯೂಟ ಉಂಡು ವೃತ್ತಿಯಾಟ ಆಡಬಹುದಾಯಿತು. ಆದರೆ ಲೀಗಿನ ಭವಿಷ್ಯವೇ ಡೋಲಾಯಮಾನವಾದಾಗ, 2025ರ ಆಗಸ್ಟಿನಲ್ಲಿ, ಆ ಸಂಸ್ಥೆಯೇ ಆಟಗಾರರ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಬೇಕಾಯಿತು. ವೃತ್ತಿಯೆಂಬ ಹೆಸರು ಬಂದಿತ್ತು, ಭದ್ರತೆ ಬಂದಿರಲಿಲ್ಲ.

ನಾನಿರುವ ಕುಮಾರಸ್ವಾಮಿ ಲೇಔಟಿನಲ್ಲಿ ಇಂಜಿನಿಯರಾಗಲು ಬಂದ ಹುಡುಗರ ಸಂತೆ. ನನ್ನ ಕನ್ನಡ ತರಗತಿಯಲ್ಲಿ ಕೊನೆಯ ಬೆಂಚಿನವನೊಬ್ಬ ಒಳ್ಳೆಯ ಆಟಗಾರ. “ಸಾರ್, ಡಿಗ್ರಿ ಬಿಟ್ಟು ಟ್ರಯಲ್ಸಿಗೆ ಹೋಗಲೇ?” ಎಂದು ಕೇಳಿದ. ಡಿಗ್ರಿ ಬಿಡಬೇಡಪ್ಪ, ಟ್ರಯಲ್ಸನ್ನೂ ಬಿಡಬೇಡ ಎಂದೆ. ಇದು ಮೇಷ್ಟರ ಜಾಣ ಉತ್ತರವೆಂದು ಅವನಿಗೆ ಅನ್ನಿಸಿರಬಹುದು. ಆದರೆ ಎಂಬತ್ತು ವರ್ಷಗಳ ಚರಿತ್ರೆ ಹೇಳುವುದೂ ಅದನ್ನೇ. ಈ ಊರಿನಲ್ಲಿ ಪ್ರತಿಭೆಗೆ ಎಂದೂ ಬರಗಾಲವಿರಲಿಲ್ಲ. ಆಡಿದವನ ನಾಳೆಯನ್ನು ಹೊರುವ ಹೆಗಲಿಗೆ ಮಾತ್ರ ಬರಗಾಲ. ಒಂದು ಕಾಲಕ್ಕೆ ಕಾರ್ಖಾನೆ ಆ ಹೆಗಲು ಕೊಟ್ಟಿತು. ಈಗ ಅದನ್ನು ಕೊಡಬೇಕಾದವರು ಯಾರೆಂದು ಆ ಹುಡುಗ ಕೇಳಿದ್ದರೆ, ನನ್ನಲ್ಲಿ ಉತ್ತರವಿರಲಿಲ್ಲ.