ಒಂದು ವೀಸದ ಟ್ರಾಕ್ಟರು

ಒಂದು ದೇಶದ ಬೇಸಾಯದ ಚರಿತ್ರೆಯನ್ನು ಅರಿಯಲು ನೀವು ಎಲ್ಲಿಗೆ ಹೋಗುವಿರಿ? ಕಂದಾಯದ ಕಡತಗಳಿವೆ, ಜಮೀನಿನ ಪತ್ರಗಳಿವೆ, ತುಕ್ಕುಹಿಡಿದ ಹಳೆಯ ಉಪಕರಣಗಳಿವೆ. ಅಮೆರಿಕದ ಅಯೋವ ಪ್ರಾಂತದಲ್ಲಿ ಇವುಗಳ ಜೊತೆಗೆ ಮತ್ತೊಂದು ಸಾಕ್ಷಿಯೂ ಉಂಟು. ಅದು ಮಕ್ಕಳ ಆಟದ ಟ್ರಾಕ್ಟರು. ಆ ಪ್ರಾಂತದ ಡೈಯರ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಇಂತಹ ಆಟಿಕೆಗಳಿಗಾಗಿಯೇ 1986ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ದೊಡ್ಡವರು ಆಟದ ಸಾಮಾನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ನಿಮಗೆ ವಿನೋದವೆಂದು ತೋರಬಹುದು. ಆದರೆ ಅದರ ಹಿಂದಿನ ಕಥೆ ಬರಿಯ ವಿನೋದದ್ದಲ್ಲ.

ಬೇಸಾಯದ ಯಂತ್ರದ ಪುಟ್ಟ ಪ್ರತಿರೂಪ ಮಕ್ಕಳ ಕೈಗೆ ಬರುವ ಮುಂಚೆ ಸರ್ಕಾರದ ಕೈಗೆ ಹೋಗುತ್ತಿತ್ತು. ಹೊಸ ನೇಗಿಲನ್ನೋ ಕೊಯ್ಲಿನ ಯಂತ್ರವನ್ನೋ ಕಂಡುಹಿಡಿದವನು ಅದರ ಪೇಟೆಂಟು ಪಡೆಯಬೇಕಾದರೆ ಅರ್ಜಿಯೊಡನೆ ಒಂದು ಸಣ್ಣ ಮಾದರಿಯನ್ನೂ ವಾಷಿಂಗ್ಟನ್ನಿಗೆ ಕಳುಹಿಸಬೇಕಾಗಿತ್ತು. 1880ರ ತನಕ ಈ ಪದ್ಧತಿ ನಡೆಯಿತು. 1836ರ ಡಿಸೆಂಬರಿನಲ್ಲಿ ಎದ್ದ ಬೆಂಕಿಯಲ್ಲಿ ಸುಮಾರು 7,000 ಮಾದರಿಗಳು ಸುಟ್ಟುಹೋದವು. 1877ರ ಬೆಂಕಿ ಅದಕ್ಕಿಂತ ಎಷ್ಟೋ ಹೆಚ್ಚಿನದನ್ನು ನುಂಗಿತು.

1917ರಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಟ್ರಾಕ್ಟರು ಬಂದಮೇಲೆ ಹೊಲದ ಕುದುರೆಗಳ ಕಾಲ ಮುಗಿಯುತ್ತ ಬಂತು. ಟ್ರಾಕ್ಟರಿನ ಬೆನ್ನಿಗೇ ಅದರ ಮರಿಯೂ ಬಂತೆನ್ನಬೇಕು. ಇಲಿನಾಯ್ ಪ್ರಾಂತದ ಫ್ರೀಪೋರ್ಟಿನ ಆರ್ಕೇಡ್ ಕಂಪನಿ ಬೀಡುಕಬ್ಬಿಣದಲ್ಲಿ ಪುಟ್ಟ ಫೋರ್ಡ್‌ಸನ್ನನ್ನೂ ಇತರ ಕಂಪನಿಗಳ ಟ್ರಾಕ್ಟರುಗಳನ್ನೂ ಎರಕ ಹೊಯ್ದು ಮಾರಿತು. ಯಂತ್ರ ಮಾರುವವರಿಗೂ ಇದರಿಂದ ಲಾಭವಿತ್ತು. ಇಂದು ಹಸಿರು ಬಣ್ಣದ ಜಾನ್ ಡಿಯರ್ ಆಟಿಕೆಯನ್ನೋ ಕೆಂಪು ಬಣ್ಣದ ಫಾರ್ಮಾಲನ್ನೋ ಅಂಗಳದಲ್ಲಿ ಎಳೆದಾಡುವ ಹುಡುಗ ನಾಳೆ ಹೊಲದ ಯಜಮಾನನಾಗುವವನು. ಆಗ ಅವನ ಒಲವು ಯಾವ ಬಣ್ಣದ ಕಡೆಗೆ ವಾಲೀತೆಂಬುದನ್ನು ವ್ಯಾಪಾರಿಗಳು ಚೆನ್ನಾಗಿ ಬಲ್ಲರು.

ಎರಡನೆಯ ಮಹಾಯುದ್ಧದಲ್ಲಿ ಲೋಹವೆಲ್ಲ ಆಯುಧಗಳಿಗೆ ಮೀಸಲಾಯಿತು. 1942ರಲ್ಲಿ ಲೋಹದ ಆಟಿಕೆಗಳ ತಯಾರಿಕೆ ನಿಂತಿತು. ಹಳೆಯ ಕಬ್ಬಿಣ ಗುಜರಿಗೆ ಹೋಯಿತು. 1945ರಲ್ಲಿ ಈ ಪ್ರವಾಹ ಹಿಂದಕ್ಕೆ ತಿರುಗಿತೆನ್ನಬಹುದು. ಅಯೋವದ ಡುಬ್ಯೂಕ್ ಪಟ್ಟಣದಲ್ಲಿ ಫ್ರೆಡ್ ಅರ್ಟಲ್ ಎಂಬ ಎರಕದ ಕೆಲಸಗಾರನಿದ್ದನು. ಕೈಗೆ ಕೆಲಸವಿಲ್ಲದ ಆ ದಿನಗಳಲ್ಲಿ ಅವನು ಯುದ್ಧದಲ್ಲಿ ಮಿಕ್ಕ ವಿಮಾನಗಳ ಅಲ್ಯುಮಿನಿಯಂ ಪಿಸ್ಟನ್ನುಗಳನ್ನು ತಂದು, ಮನೆಯ ನೆಲಮಾಳಿಗೆಯ ಕುಲುಮೆಯಲ್ಲಿ ಕರಗಿಸಿ, ಆಟದ ಟ್ರಾಕ್ಟರುಗಳನ್ನು ಮಾಡತೊಡಗಿದನು. ಬಿಡಿಭಾಗಗಳ ಜೋಡಣೆಗೂ ಬಣ್ಣಕ್ಕೂ ಮನೆಮಂದಿಯೆಲ್ಲ ಕೈಹಾಕಿದರು. ಆಕಾಶದಲ್ಲಿ ಯುದ್ಧ ಮಾಡಿದ ಲೋಹ ಹೀಗೆ ಮಕ್ಕಳ ಅಂಗಳದಲ್ಲಿ ಉಳುಮೆಗೆ ಇಳಿಯಿತು. 1959ರಲ್ಲಿ ಅರ್ಟಲ್ ಕಾರ್ಖಾನೆ ಡೈಯರ್ಸ್‌ವಿಲ್ಲಿಗೆ ಹೋಯಿತು.

ಈ ಎರಕದ ಬಗೆಯನ್ನು ಸ್ವಲ್ಪ ಗಮನಿಸಿ. ಮೊದಲು ಪಡಿಯಚ್ಚೊಂದನ್ನು ಕೆತ್ತಬೇಕು. ಕಾದ ಲೋಹ ಆರುವಾಗ ಕುಗ್ಗುವುದರಿಂದ ಅಚ್ಚು ಬೇಕಾದ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿರಬೇಕು. ಅದನ್ನು ಚೌಕಟ್ಟಿನೊಳಗಿಟ್ಟು ಸುತ್ತಲೂ ತೇವದ ಮರಳನ್ನು ದಮ್ಮಸು ಮಾಡಿ ಮೆಲ್ಲನೆ ತೆಗೆದರೆ ಮರಳಿನಲ್ಲಿ ಅದರ ಪೊಳ್ಳು ನಿಲ್ಲುತ್ತದೆ. ಅಲ್ಲಿಗೆ ಕರಗಿದ ಲೋಹವನ್ನು ಸುರಿಯಬೇಕು. ಆರಿದಮೇಲೆ ಮರಳನ್ನು ಒಡೆದು, ಅಂಚುಗಳನ್ನು ಅರದಿಂದ ಉಜ್ಜಬೇಕು.

ಅಲ್ಲಿ ಹೆಚ್ಚು ಬಳಕೆಗೆ ಬಂದ ಪ್ರಮಾಣ ಹದಿನಾರರಲ್ಲಿ ಒಂದು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಅದು ಸರಿಯಾಗಿ ಒಂದು ವೀಸ. 12 ಅಡಿ ಉದ್ದದ ಟ್ರಾಕ್ಟರು 9 ಅಂಗುಲಕ್ಕೆ ಇಳಿಯುತ್ತದೆ. ಲಂಡನ್ನಿನ ಬ್ರಿಟನ್ಸ್ ಕಂಪನಿ 1948ರಿಂದ ಮಾರಿದ ಫೋರ್ಡ್‌ಸನ್ ಮೇಜರ್ ಇದರಲ್ಲಿಯೂ ಅರ್ಧ, ಎಂದರೆ ಅರೆವೀಸ.

ಮಕ್ಕಳು ಈ ಆಟಿಕೆಗಳನ್ನು ಮಣ್ಣಿನಲ್ಲಿ ಆಡಿ ಸವೆಸಿದರು, ಚಕ್ರ ಮುರಿದರು, ಮಳೆಯಲ್ಲಿ ಮರೆತರು. ಆದುದರಿಂದಲೇ ಕೆಡದೆ ಉಳಿದವು ವಿರಳ. 1970ರ ದಶಕದಲ್ಲಿ ಆ ಮಕ್ಕಳೇ ಬೆಳೆದು ಅವನ್ನು ಹುಡುಕತೊಡಗಿದರು. 1978ರಿಂದ ಡೈಯರ್ಸ್‌ವಿಲ್ಲಿನಲ್ಲಿ ಇದಕ್ಕೆ ವರ್ಷವರ್ಷವೂ ಪ್ರದರ್ಶನ ನಡೆಯುತ್ತ ಬಂದಿದೆ. ಇಲ್ಲೊಂದು ವಿಪರ್ಯಾಸವುಂಟು: ಯಾವ ಮಗುವೂ ಆಡದೆ ರಟ್ಟಿನ ಪೆಟ್ಟಿಗೆಯಲ್ಲೇ ಉಳಿದ ಟ್ರಾಕ್ಟರಿಗೆ ಬೆಲೆ ಹೆಚ್ಚು. ಸವೆದ ಟ್ರಾಕ್ಟರಿಗೆ ಹೊಸ ಬಣ್ಣ ಬಳಿದರೆ ಅದು ಹೊಳೆಯುತ್ತದೆ, ನಿಜ. ಆದರೆ ಅದನ್ನು ಆಡಿದ ಮಗುವಿನ ಗುರುತು ಅದರೊಡನೆ ಅಳಿದುಹೋಗುತ್ತದೆ. ಬಣ್ಣ ಬಳಿಯುವುದೋ ಬಿಡುವುದೋ ಎಂಬ ಚರ್ಚೆ ಸಂಗ್ರಾಹಕರಲ್ಲಿ ಮುಗಿಯುವಂಥದಲ್ಲ.

ಈ ಹುಡುಕಾಟ ಬಲವಾದ ಕಾಲವನ್ನು ನೋಡಿ. 1980ರ ದಶಕದಲ್ಲಿ ಅಮೆರಿಕದ ರೈತನನ್ನು ಸಾಲ, ಏರಿದ ಬಡ್ಡಿ, ಕುಸಿದ ಭೂಮಿಯ ಬೆಲೆ ಒಟ್ಟಾಗಿ ಹಿಂಡಿದವು. ಎಷ್ಟೋ ಹೊಲಮನೆಗಳು ಹರಾಜಾದವು. 1935ರಲ್ಲಿ ಸುಮಾರು 68 ಲಕ್ಷವಿದ್ದ ಹಿಡುವಳಿಗಳು 2022ರ ಗಣತಿಯ ಹೊತ್ತಿಗೆ 19 ಲಕ್ಷಕ್ಕೆ ಇಳಿದಿದ್ದವು. ಯಂತ್ರ ಮಾಡಿದವರೂ ಉಳಿಯಲಿಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ಆಲಿಸ್ ಚಾಮರ್ಸ್ ಎಂಬ ಎರಡು ಹಳೆಯ ಕಂಪನಿಗಳೂ 1985ರಲ್ಲಿ ತಮ್ಮ ಬೇಸಾಯಯಂತ್ರಗಳ ವ್ಯವಹಾರವನ್ನು ಪರರಿಗೆ ಮಾರಿದವು. ಅರ್ಟಲ್ ಆಟಿಕೆಗಳ ತಯಾರಿಕೆಯೂ ಮುಂದೆ ಚೀನಾಕ್ಕೆ ಹೋಯಿತು.

ಅಂಗಡಿಯಲ್ಲಿ ಸಿಗದ ಯಂತ್ರವನ್ನು ತಾವೇ ಕಟ್ಟುವವರೂ ಇದ್ದಾರೆ. ಅವರು ಹಳೆಯ ಒಕ್ಕಣೆಯ ಯಂತ್ರವೊಂದರ ಮುಂದೆ ಅಳತೆಪಟ್ಟಿ ಹಿಡಿದು ನಿಂತು, ಪ್ರತಿಯೊಂದು ಗಾಲಿಯನ್ನೂ ಪಟ್ಟಿಯನ್ನೂ ಅಳೆದು, ಹದಿನಾರರಿಂದ ಭಾಗಿಸಿ, ಹಿತ್ತಾಳೆಯ ತಗಡಿನಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಮತ್ತೆ ಕಟ್ಟುತ್ತಾರೆ. ನಿಜವಾದ ಯಂತ್ರ ಗುಜರಿಗೆ ಹೋದಮೇಲೆ ಅದರ ಹಲ್ಲುಗಾಲಿಗಳು ಹೇಗೆ ಒಂದನ್ನೊಂದು ತಿರುಗಿಸುತ್ತಿದ್ದವೆಂಬುದಕ್ಕೆ ಕೆಲವೊಮ್ಮೆ ಈ ಮಾದರಿಯೇ ಆಧಾರವಾಗಿ ನಿಲ್ಲುತ್ತದೆ.

ದೊಡ್ಡ ಯಂತ್ರವನ್ನು ಕಾಪಾಡಲು ಕೊಟ್ಟಿಗೆ ಬೇಕು, ಜಮೀನು ಬೇಕು. ಅವೆರಡನ್ನೂ ಕಳೆದುಕೊಂಡವನ ಬಳಿ ಗೂಡಿನ ಮೇಲೆ ಒಂಬತ್ತು ಅಂಗುಲ ಜಾಗವಾದರೂ ಉಳಿದಿರುತ್ತದೆ. ತಂದೆ ಉತ್ತ ಹೊಲವನ್ನು ಮಗನಿಂದ ಉಳಿಸಿಕೊಳ್ಳಲಾಗದೆ ಹೋಗಬಹುದು, ತಂದೆ ನಡೆಸಿದ ಟ್ರಾಕ್ಟರನ್ನು ವೀಸದಷ್ಟಾದರೂ ಉಳಿಸಿಕೊಳ್ಳಬಲ್ಲನು. ಇದನ್ನು ಹುಡುಗಾಟವೆನ್ನುವಿರಾ, ಚರಿತ್ರೆಯೆನ್ನುವಿರಾ? ತೀರ್ಪು ನಿಮ್ಮದು.